ಬೋರ್ಡಿಗೆ ಹೆಸರು ಬರೆಯುವ ಮೊದಲು ಟ್ರೇ ನೋಡಿ

ಸಂಪಾದಕರಿಗೆ ನಮಸ್ಕಾರ.

ನಾನು ಕುಮಟಾ ತಾಲೂಕಿನ ಒಂದು ಗೇರುಬೀಜ ಕಾರ್ಖಾನೆಯಲ್ಲಿ 22 ವರ್ಷ ಕೆಲಸ ಮಾಡಿ ಹೋದ ವರ್ಷ ಬಿಟ್ಟೆ. ಮೊದಲು ಸಿಪ್ಪೆ ತೆಗೆಯುತ್ತಿದ್ದೆ, ಆಮೇಲೆ ಅದೇ ವಿಭಾಗಕ್ಕೆ ಸೂಪರ್‌ವೈಸರ್ ಆದೆ. ಈಗ ಸೊಸೈಟಿ, ಬ್ಯಾಂಕು, ಕಾರ್ಖಾನೆ ಅಂತ ಎಲ್ಲ ಕಡೆ ಕೆಲಸದವರಿಗೆ ಮೋಟಿವೇಶನ್ ತರಬೇತಿ ನಡೆಯುತ್ತಿದೆ. ಬೇಡ ಅನ್ನುವುದಿಲ್ಲ. ಆದರೆ ಅದು ಎಲ್ಲಿಂದ ಶುರುವಾಗಬೇಕು ಅನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದಕ್ಕೇ ಈ ಪತ್ರ.

ಕೆಲವು ವರ್ಷಗಳ ಹಿಂದಿನ ಮಳೆಗಾಲ. ನಮ್ಮಲ್ಲಿ ಪೀಸು, ಅಂದರೆ ಒಡೆದ ತಿರುಳು, ಜಾಸ್ತಿ ಬರತೊಡಗಿತು. ಈ ಕೆಲಸ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಬೀಜ ಒಡೆದು ತೆಗೆದ ತಿರುಳನ್ನು ಟ್ರೇಗಳಲ್ಲಿ ಹರಡಿ ಬೋರ್ಮಾದಲ್ಲಿ, ಅಂದರೆ ಬಿಸಿಗಾಳಿಯ ಕೋಣೆಯಲ್ಲಿ, ಒಣಗಿಸುತ್ತಾರೆ. ಹದವಾಗಿ ಒಣಗಿದ್ದರೆ ಹೆಬ್ಬೆರಳಲ್ಲಿ ತಿಕ್ಕಿದರೆ ಸಾಕು, ಕೆಂಪು ಸಿಪ್ಪೆ ಉದುರುತ್ತದೆ. ಒಣಗದಿದ್ದರೆ ಸಿಪ್ಪೆ ಬಿಡುವುದಿಲ್ಲ, ಚೂರಿಯಿಂದ ಕೆರೆಯಬೇಕು. ಕೆರೆಯುವಾಗ ತಿರುಳು ಎರಡಾಗುತ್ತದೆ. ಡಬ್ಲ್ಯೂ-320 ಅನ್ನುವ ಮಾಲು ಒಂದು ಪೌಂಡಿಗೆ 300ರಿಂದ 320 ಇಡಿ ತಿರುಳು ತೂಗುತ್ತದೆ. ಅದು ಒಡೆದು ಪೀಸಾದರೆ ದರ ಬಿದ್ದುಹೋಗುತ್ತದೆ. ಮಾಲೀಕರಿಗೂ ನಷ್ಟ, ಕಿಲೋ ಲೆಕ್ಕದಲ್ಲಿ ಕೂಲಿ ಎಣಿಸುವ ಹೆಂಗಸರಿಗೂ ನಷ್ಟ.

ಹೆಂಗಸರಿಗೆ ಕೆಲಸದ ಮೇಲೆ ಮನಸ್ಸಿಲ್ಲ, ಅದಕ್ಕೇ ಹೀಗಾಗುತ್ತಿದೆ ಅಂತ ಮೇಲಿನವರು ತೀರ್ಮಾನ ಮಾಡಿದರು. ಹುಬ್ಬಳ್ಳಿಯಿಂದ ಒಬ್ಬ ತರಬೇತುದಾರರು ಬಂದರು. ಒಳ್ಳೆಯ ಮನುಷ್ಯರು, ಚೆನ್ನಾಗಿ ಮಾತಾಡಿದರು. ಅಬ್ರಹಾಂ ಮಾಸ್ಲೋ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರು 1943ರಲ್ಲಿ ಹೇಳಿದ ಮನುಷ್ಯನ ಅಗತ್ಯಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಪರದೆ ಮೇಲೆ ತೋರಿಸಿದರು. ಕೆಳಗಿನ ಮೆಟ್ಟಿಲು ಅನ್ನ, ನೀರು, ನಿದ್ದೆ. ಅದನ್ನು ನೋಡುತ್ತ ಕೂತ ನಮ್ಮ ಹೆಂಗಸರಿಗೆ ಆವತ್ತು ಅರ್ಧ ದಿನದ ಕೂಲಿ ಇರಲಿಲ್ಲ. ಸಿಪ್ಪೆ ತೆಗೆದರೆ ಮಾತ್ರ ದುಡ್ಡು, ಕೂತು ಕೇಳಿದ್ದಕ್ಕೆ ಯಾರೂ ಕೊಡಲಿಲ್ಲ. ಕೊಡಿಸಿ ಅಂತ ನಾನೂ ಬಾಯಿ ಬಿಡಲಿಲ್ಲ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಮರುವಾರ ಗೋಡೆಗೆ ಕರಿಹಲಗೆ ಬಂತು. ಕಡಿಮೆ ಪೀಸು ಮಾಡಿದವರ ಹೆಸರು ಮೇಲೆ, ಜಾಸ್ತಿ ಮಾಡಿದವರ ಹೆಸರು ಕೆಳಗೆ. ಮೊದಲನೆಯವರಿಗೆ ಬಹುಮಾನ. ಎರಡೇ ವಾರದಲ್ಲಿ ಶೆಡ್ಡಿನ ಗಾಳಿಯೇ ಬದಲಾಯಿತು. ಹೊಸ ಹುಡುಗಿಯರಿಗೆ ಕೈ ಹಿಡಿದು ಕಲಿಸುತ್ತಿದ್ದವರು ತಲೆ ಎತ್ತುವುದನ್ನೇ ಬಿಟ್ಟರು. ಟ್ರೇ ಬಂದ ಕೂಡಲೇ ಎಳೆದಾಟ. ಎರಡು ಸಲ ಮೊದಲ ಸ್ಥಾನ ಬಂದ ಹಿರಿಯ ಹೆಂಗಸೊಬ್ಬರು ಸಂಜೆ ನನ್ನ ಹತ್ತಿರ ಬಂದು, "ಅಕ್ಕಾ, ನನ್ನ ಹೆಸರು ಅಳಿಸಿ. ನಾ ಬಾಗಿಲ ಹತ್ರ ಕೂತ್ಕಣ್ತೆ, ನಂಗೆ ಒಳ್ಳೆ ಟ್ರೇ ಸಿಕ್ತದೆ, ಅಷ್ಟೇ" ಅಂದರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಾರನೇ ದಿನ ಎರಡು ಸ್ಟೀಲ್ ತಟ್ಟೆ ತಂದೆ. ಬೋರ್ಮಾದ ಒಂದು ಟ್ರೇಯಿಂದ ಒಂದು ಹಿಡಿ, ಇನ್ನೊಂದು ಟ್ರೇಯಿಂದ ಒಂದು ಹಿಡಿ ಹಾಕಿ ನಾನೇ ಕೂತು ಸಿಪ್ಪೆ ತೆಗೆದೆ. ಒಂದು ತಟ್ಟೆಯದು ತಿಕ್ಕಿದ ಹಾಗೇ ಬಿಟ್ಟಿತು. ಇನ್ನೊಂದರದು ಉಗುರಿಗೂ ಬಗ್ಗಲಿಲ್ಲ. ಕೈ ಒಂದೇ, ಮನಸ್ಸೂ ಒಂದೇ, ಅಲ್ವಾ? ಬೋರ್ಮಾದ ಒಳಗೆ ಎಲ್ಲ ಕಡೆ ಕಾವು ಒಂದೇ ಸಮ ಇರುವುದಿಲ್ಲ. ನಡುನಡುವೆ ಟ್ರೇಗಳ ಜಾಗ ಬದಲಿಸುತ್ತಿರಬೇಕು. ಆ ಕೆಲಸಕ್ಕೆ ಇಬ್ಬರಿದ್ದರು. ಮಳೆಗಾಲದ ಶುರುವಿನಲ್ಲಿ ಒಬ್ಬನನ್ನು ಲಾರಿ ಇಳಿಸಲು ಹಾಕಿದ್ದರು. ಉಳಿದ ಒಬ್ಬನಿಗೆ ಬೆಂಕಿ ನೋಡುವುದರಲ್ಲೇ ಹೊತ್ತು ಹೋಗುತ್ತಿತ್ತು, ಅದೂ ಹಸಿ ಸೌದೆ. ಟ್ರೇಗಳು ಇಟ್ಟಲ್ಲೇ ಇರುತ್ತಿದ್ದವು.

ಇದು ಹೆಂಗಸರಿಗೆಲ್ಲ ಮೊದಲೇ ಗೊತ್ತಿತ್ತು. ಯಾಕೆ ಹೇಳಲಿಲ್ಲ ಅಂದರೆ, "ಹೇಳಿದ್ರೆ ನಾಳೆಯಿಂದ ಬರಬೇಡ ಅಂದ್ರೆ ಎಂತ ಮಾಡೂದು?"

ಧಾರವಾಡದಲ್ಲಿ ಎಂಬಿಎ ಓದುತ್ತಿದ್ದ ಮಗಳಿಗೆ ಇದನ್ನೆಲ್ಲ ಹೇಳಿದೆ. ಆಗ ಅವಳು ಎಡ್ವರ್ಡ್ಸ್ ಡೆಮಿಂಗ್ ಅನ್ನುವವರ ಮಣಿಗಳ ಪ್ರಯೋಗ ಹೇಳಿದಳು. ಇವರು 1950ರಲ್ಲಿ ಜಪಾನಿಗೆ ಹೋಗಿ ಅಲ್ಲಿನ ಕಾರ್ಖಾನೆಗಳವರಿಗೆ ಗುಣಮಟ್ಟದ ಪಾಠ ಹೇಳಿದವರು. ಒಂದು ಪೆಟ್ಟಿಗೆಯಲ್ಲಿ ಬಿಳಿ ಮಣಿ, ಅದರಲ್ಲಿ ಐದನೇ ಒಂದು ಪಾಲು ಕೆಂಪು ಮಣಿ. 50 ಕುಳಿ ಇರುವ ಸೌಟಿನಂಥ ಹಲಗೆಯಿಂದ ಕೆಲಸಗಾರರು ಮಣಿ ಎತ್ತಬೇಕು, ಕೆಂಪು ಬರಬಾರದು. ಕಡಿಮೆ ಬಂದವನಿಗೆ ಶಹಬ್ಬಾಸ್, ಜಾಸ್ತಿ ಬಂದವನಿಗೆ ಬೈಗುಳ. ಆದರೆ ಎಷ್ಟು ಕೆಂಪು ಬರುತ್ತದೆ ಅನ್ನುವುದು ಪೆಟ್ಟಿಗೆಯ ಮೇಲೆ ನಿಂತಿದೆ, ಎತ್ತುವವನ ಕೈಲಿ ಏನೂ ಇಲ್ಲ. ಕೇಳುತ್ತ ಕೇಳುತ್ತ ನನಗೆ ನಮ್ಮ ಕರಿಹಲಗೆಯೇ ಕಣ್ಣೆದುರು ಬಂತು. ಕೆಲಸದ ಜಾಗದಿಂದ ಹೆದರಿಕೆ ತೆಗೆಯಿರಿ ಅಂತಲೂ ಅವರು ಬರೆದಿದ್ದಾರಂತೆ. ಏಮಿ ಎಡ್ಮಂಡ್‌ಸನ್ ಅನ್ನುವ ಅಮೆರಿಕದ ಸಂಶೋಧಕಿ ಆಸ್ಪತ್ರೆಗಳಲ್ಲಿ ನೋಡಿದಾಗ ಒಳ್ಳೆಯ ತಂಡಗಳಲ್ಲೇ ತಪ್ಪಿನ ವರದಿ ಜಾಸ್ತಿ ಇತ್ತು. ಅಲ್ಲಿ ಬಾಯಿಬಿಟ್ಟು ಹೇಳಲು ಜನ ಹೆದರುತ್ತಿರಲಿಲ್ಲ.

ನೋಡಿ, ಸಿದ್ಧಾಂತಗಳು ಸುಳ್ಳಲ್ಲ. ನಮ್ಮ ಶೆಡ್ಡಿಗೆ ಬೇಕಾದ ಉತ್ತರ ಅವುಗಳಲ್ಲೇ ಇತ್ತು. ಆದರೆ ಡೆಮಿಂಗ್ ಪಾಠ ಮಾಲೀಕರಿಗೆ, ಮ್ಯಾನೇಜರಿಗೆ, ನನ್ನಂಥ ಸೂಪರ್‌ವೈಸರಿಗೆ ಸೇರಿದ್ದು. ನಾವು ಅದನ್ನು ಓದದೆ, ಸಿಪ್ಪೆ ತೆಗೆಯುವವರನ್ನು ಸಾಲಾಗಿ ಕೂರಿಸಿ ಮನಸ್ಸು ಬದಲಿಸಿಕೊಳ್ಳಿ ಅಂದೆವು.

ತಟ್ಟೆಗಳನ್ನು ಮ್ಯಾನೇಜರ್ ಮುಂದೆ ಇಟ್ಟೆ. ಅವರೂ ನಾಲ್ಕು ತಿರುಳು ತಿಕ್ಕಿ ನೋಡಿದರು, ಆಮೇಲೆ ಸುಮ್ಮನೆ ಎದ್ದು ಬೋರ್ಮಾ ಕಡೆ ಹೋದರು. ಎರಡನೇ ಆಳು ವಾಪಸು ಬಂದ. ಹಲಗೆಯಿಂದ ಹೆಸರು ಅಳಿಸಿ, ಯಾವ ಟ್ರೇ ಯಾವ ಹೊತ್ತಿಗೆ ಜಾಗ ಬದಲಾಯಿತು ಅಂತ ಬರೆಯಲು ಶುರು ಮಾಡಿದೆವು. ಪೀಸು ಇಳಿಯಿತು.

ಕುಮಟಾ, ಹೊನ್ನಾವರ, ಅಂಕೋಲಾ ಕಡೆ ಕಾರ್ಖಾನೆ ನಡೆಸುವವರಲ್ಲಿ, ಕಾರವಾರ-ಶಿರಸಿಗೆ ಬರುವ ತರಬೇತುದಾರರಲ್ಲಿ ನನ್ನ ಕೋರಿಕೆ ಇಷ್ಟೇ. ಪರದೆ ಕಟ್ಟುವ ಮೊದಲು ಅರ್ಧ ದಿನ ಕೆಲಸದ ಜಾಗದಲ್ಲಿ ಕೂತು, ನೀವೇ ಆ ಕೆಲಸಕ್ಕೆ ಕೈ ಹಾಕಿ ನೋಡಿ. ಹೆಸರು ಬರೆದುಕೊಳ್ಳದೆ ಕೆಲಸದವರ ಮಾತು ಕೇಳಿ. ತರಬೇತಿ ಇಟ್ಟ ದಿನ ಕಿಲೋ ಲೆಕ್ಕದವರಿಗೂ ಪೂರ್ತಿ ಕೂಲಿ ಕೊಡಿ.

– ನಿವೃತ್ತ ಸೂಪರ್‌ವೈಸರ್, ಕುಮಟಾ ತಾಲೂಕು