ಚಿಗರಿ ಬೇಟೆ ನಿಲ್ಲಬೇಕಾದರೆ ರೈತನ ಮಾತು ಮೊದಲು ಕೇಳಿ

ಸಂಪಾದಕರಿಗೆ ನಮಸ್ಕಾರ.

ಬೀಳಗಿ, ಮುಧೋಳ ಕಡೆಯ ಹೊಲದ ದಾರಿಗಳಲ್ಲಿ ನಡುರಾತ್ರಿ ಹೊರಗಿನ ಜೀಪು, ಬೈಕು ಕಂಡರೆ ಯಾಕೆ ಬಂದಿರಿ ಅಂತ ನಾವ್ಯಾರೂ ಕೇಳುವುದಿಲ್ಲ. ಕೇಳಬೇಕು. ಚಿಗರಿ, ಅಂದರೆ ನಮ್ಮ ಕಡೆಯ ಕೃಷ್ಣಮೃಗ, ಚಿಂಕಾರದಂಥ ಹುಲ್ಲೆ, ಹಗಲಲ್ಲಿ ಯಾರ ಕೈಗೂ ಸಿಗುವ ಪ್ರಾಣಿಯಲ್ಲ, ಆದರೆ ಕತ್ತಲಲ್ಲಿ ಜೋರು ಬೆಳಕಿನ ಬ್ಯಾಟರಿ ಕಣ್ಣಿಗೆ ಬಿಟ್ಟರೆ ದಿಕ್ಕು ತೋಚದೆ ನಿಂತುಬಿಡುತ್ತದೆ, ಆಮೇಲೆ ಗುಂಡು ಹೊಡೆಯಲು ಎಷ್ಟು ಹೊತ್ತು? ಇನ್ನು ಕೆಲವರದು ಬಲೆ, ತಂತಿ ಉರುಲು. ಮುಧೋಳ ನಾಯಿ ನಮ್ಮೆಲ್ಲರ ಹೆಮ್ಮೆ, ಆದರೆ ಅದನ್ನು ಚಿಗರಿಯ ಹಿಂದೆ ಬಿಟ್ಟರೆ ಅದೂ ಅಪರಾಧವೇ. ಕಾಯ್ದೆ ಪ್ರಕಾರ ಬೆನ್ನಟ್ಟುವುದೂ ಬೇಟೆ.

ಯಡಹಳ್ಳಿ ಚಿಂಕಾರ ಧಾಮ ಸುಮಾರು 96 ಚದರ ಕಿಲೋಮೀಟರ್ ಇದೆ. ಒಳ್ಳೆಯ ಕೆಲಸ. ಆದರೆ ಕೃಷ್ಣಮೃಗಗಳು ಮೇಯುವುದು ನಮ್ಮ ಜೋಳ, ಕಡಲೆ ಹೊಲಗಳಲ್ಲಿ. ಅಲ್ಲಿ ಯಾವ ಗಾರ್ಡ್ ಇರುತ್ತಾನೆ ಹೇಳಿ? ಅಲ್ಲಿರುವವನು ರೈತ ಒಬ್ಬನೇ.

ಆ ರೈತನಿಗೆ ಚಿಗರಿ ಮೇಲೆ ಸಿಟ್ಟಿದೆ, ಸುಮ್ನೆ ಅಲ್ಲ. ಸಾಲ ಮಾಡಿ ಬಿತ್ತಿದ ಕಡಲೆ ಮೊಳಕೆಯಲ್ಲೇ ಹೋದರೆ ಯಾರಿಗೆ ಹೊಟ್ಟೆ ಉರಿಯುವುದಿಲ್ಲ? ಪರಿಹಾರಕ್ಕೆ ಅರ್ಜಿ, ಫೋಟೊ, ಪಹಣಿ ಅಂತ ಓಡಾಡಿ ಸಾಕಾಗಿರುತ್ತದೆ. ಹಾಗಾಗಿ ರಾತ್ರಿ ಗುಂಡಿನ ಸದ್ದು ಕೇಳಿದರೂ ‘ಒಂದು ಕಡಿಮೆ ಆಯಿತು ಬಿಡು’ ಅಂತ ಮಗ್ಗಲು ಬದಲಿಸಿ ಮಲಗುತ್ತಾನೆ. ಬೇಟೆಗಾರನಿಗೆ ಬೇಕಾಗಿರುವುದೂ ಇಷ್ಟೇ. ಬೆಳೆ ಹಾನಿ ದುಡ್ಡು ಅದೇ ಹಂಗಾಮಿನಲ್ಲಿ ಕೈಗೆ ಬಂದರೆ ಈ ರೈತನೇ ಮೊದಲು ಫೋನ್ ಮಾಡುತ್ತಾನೆ ಅಂತ ನನಗೆ ನಂಬಿಕೆಯಿದೆ.

ಕಾನೂನು ಏನೂ ಸಡಿಲವಿಲ್ಲ. 1972ರ ವನ್ಯಜೀವಿ ಕಾಯ್ದೆಯಲ್ಲಿ ಚಿಂಕಾರ, ಕೃಷ್ಣಮೃಗ ಎರಡೂ ಹುಲಿಯ ಜೊತೆ ಮೊದಲನೇ ಪಟ್ಟಿಯಲ್ಲೇ ಇವೆ. ಕೊಂದದ್ದು ಸಾಬೀತಾದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. 2022ರ ತಿದ್ದುಪಡಿ ನಂತರ ದಂಡ 25 ಸಾವಿರಕ್ಕಿಂತ ಕಡಿಮೆ ಇಲ್ಲ. ಮಾಂಸ ಬೇಯಿಸಿಬಿಟ್ಟರೆ ಗೊತ್ತಾಗಲ್ಲ ಅಂದುಕೊಂಡವರೂ ಇದ್ದಾರೆ. ಬೇಯಿಸಿದ ತುಂಡಿನಿಂದಲೂ ಡಿಎನ್‌ಎ ತೆಗೆದು ಯಾವ ಪ್ರಾಣಿ ಅಂತ ಹೇಳುವ ಪ್ರಯೋಗಾಲಯ ಹೈದರಾಬಾದಿನ ಸಿಸಿಎಂಬಿ ಎಂಬ ಜೀವಕೋಶ ಸಂಶೋಧನಾ ಸಂಸ್ಥೆಯಲ್ಲಿದೆ.

ಹೆದರಿಕೆ ಇರುವುದು ಬೇರೆ ಕಡೆ. ಮಾಹಿತಿ ಕೊಟ್ಟವನ ಹೆಸರು ಬೆಳಗಾಗುವುದರೊಳಗೆ ಊರಿಗೆಲ್ಲ ಗೊತ್ತಾದರೆ ಮುಂದೆ ಯಾರು ಬಾಯಿ ಬಿಡುತ್ತಾರೆ? ಅದೇ ದಾರಿಯಲ್ಲಿ ಅವನು ದಿನಾ ಒಬ್ಬನೇ ಹೊಲಕ್ಕೆ ಹೋಗಬೇಕಲ್ವಾ. ಹೆಸರು ಗುಟ್ಟಾಗಿಡುವ ಭರವಸೆಯನ್ನು ಅಧಿಕಾರಿಗಳು ಗ್ರಾಮಸಭೆಗೆ ಬಂದು ಎಲ್ಲರ ಎದುರು ಕೊಡಲಿ. ಅರಣ್ಯ ಇಲಾಖೆಯ 1926 ಸಹಾಯವಾಣಿಯನ್ನು ಪಂಚಾಯಿತಿ ಗೋಡೆ, ಹಾಲಿನ ಡೇರಿ, ಬಸ್ ಸ್ಟ್ಯಾಂಡಿನಲ್ಲಿ ದೊಡ್ಡದಾಗಿ ಬರೆಸಲಿ. ಹಿಂಗಾರು ಬೆಳೆ ಹೊಲದಲ್ಲಿರುವಷ್ಟು ದಿನ ಪೊಲೀಸರೂ ಅರಣ್ಯ ಸಿಬ್ಬಂದಿಯೂ ಒಟ್ಟಿಗೆ ರಾತ್ರಿ ಗಸ್ತು ಮಾಡಲಿ, ಲೈಸೆನ್ಸ್ ಇಲ್ಲದ ನಾಡಬಂದೂಕುಗಳನ್ನು ಹುಡುಕಲಿ, ಮಾಂಸ ಕೊಳ್ಳುವವರ ಮೇಲೂ ಕೇಸು ಹಾಕಲಿ. ಈ ಸಲ ಕಡಲೆ ಬಿತ್ತುವ ಮೊದಲೇ ಇದೆಲ್ಲ ಶುರುವಾಗಬೇಕು.

— ಒಬ್ಬ ರೈತ, ಬೀಳಗಿ ತಾಲ್ಲೂಕು, ಬಾಗಲಕೋಟೆ ಜಿಲ್ಲೆ