ಶನಿವಾರದ ಮಾತುಕತೆಗೆ ಮುಂಚೆ ಒಂದು ಸೂಚನೆ

ಗೆಳೆಯರೇ, ಶನಿವಾರ ರಾತ್ರಿ 9ಕ್ಕೆ ಗ್ರೂಪ್ ಕಾಲ್ ಇದೆ. ವಿಷಯ ಜಪಾನಿನ ಉದ್ದುದ್ದ ಆರ್‌ಪಿಜಿ ಗೇಮ್‌ಗಳು, ಅಂದ್ರೆ ನಾವೇ ಒಂದು ಪಾತ್ರವಾಗಿ ಕಥೆಯೊಳಗೆ ಸಾಗುವ ವಿಡಿಯೋ ಗೇಮ್‌ಗಳು. ಅಮೆರಿಕ, ಯುರೋಪಿನಲ್ಲಿ ಇವನ್ನು ಯಾರೋ ನಾಲ್ಕು ಜನ ಆಡ್ತಾರೆ ಅಷ್ಟೇ ಅಂತ ಕಳೆದ ವಾರ ಇಲ್ಲಿ ಮಾತು ಬಂತು. ನಾನು ಖಂಡಿತ ಒಪ್ಪುವುದಿಲ್ಲ.

ಶುರುವಿನಲ್ಲಿ ಕಷ್ಟ ಇತ್ತು, ನಿಜ. ಡ್ರ್ಯಾಗನ್ ಕ್ವೆಸ್ಟ್ 1986ರಲ್ಲಿ ಬಂದು ಜಪಾನಿನಲ್ಲಿ ಮನೆಮಾತಾಯಿತು, ಆದರೆ 1989ರಲ್ಲಿ ಡ್ರ್ಯಾಗನ್ ವಾರಿಯರ್ ಅನ್ನೋ ಹೆಸರಿನಲ್ಲಿ ಅಮೆರಿಕಕ್ಕೆ ಹೋದಾಗ ಅಷ್ಟಾಗಿ ಓಡಲಿಲ್ಲ, ಕೊನೆಗೆ ಗೇಮ್ ಕಂಪನಿ ನಿಂಟೆಂಡೊ ತನ್ನ ಪತ್ರಿಕೆಯ ಚಂದಾದಾರರಿಗೆ ಅದನ್ನು ಪುಕ್ಕಟೆ ಕೊಟ್ಟಿತು. ಅಲ್ಲಿ ದಾರಿ ತೆರೆದದ್ದು 1997ರ ಫೈನಲ್ ಫ್ಯಾಂಟಸಿ 7. ಮೂರು ಸಿಡಿ ತುಂಬುವಷ್ಟು ದೊಡ್ಡ ಆಟ. ಟಿವಿಯಲ್ಲಿ ಸಿನಿಮಾ ಥರ ಜಾಹೀರಾತು ಬಂತು, ಆರ್‌ಪಿಜಿ ಅಂದ್ರೆ ಏನು ಅಂತ ಗೊತ್ತಿಲ್ಲದವರೂ ಕೊಂಡರು.

ಆಮೇಲೆ 2017ರಲ್ಲಿ ಪರ್ಸೋನಾ 5 ಅನ್ನೋ ಆಟ ಅಮೆರಿಕ, ಯುರೋಪಿಗೆ ಹೋಯಿತು. ಮುಗಿಸಲು ಸುಮಾರು 100 ಗಂಟೆ ಬೇಕು. ಆದರೂ ಜನ ಹಿಡಿದು ಕೂತರು, ಯಾಕಂದ್ರೆ ಆಟದಲ್ಲಿ ನಾವು ಒಬ್ಬ ಶಾಲಾ ಹುಡುಗ, ಬೆಳಗ್ಗೆ ಶಾಲೆ, ಸಂಜೆ ಗೆಳೆಯರ ಜೊತೆ ಊಟ, ನಡುವೆ ಪರೀಕ್ಷೆ, ಹೀಗೆ ದಿನ ದಿನ ಆ ಗೆಳೆಯರ ಜೊತೆ ಬದುಕಿದಾಗಲೇ ಆ ಪಾತ್ರಗಳು ನಮ್ಮವರಾಗೋದು. ಅದು 20 ಗಂಟೆಯಲ್ಲಿ ಆಗುವ ಕೆಲಸ ಅಲ್ಲ. ಉದ್ದವೇ ಇದರ ಬಲ, ಅಲ್ವಾ? ಅದೇ ತಂಡದವರ ಮೆಟಾಫರ್ ಅನ್ನೋ ಆಟ 2024ರಲ್ಲಿ ಎಲ್ಲಾ ಕಡೆ ಒಟ್ಟಿಗೆ ಬಂದಾಗ ಮೊದಲ ದಿನವೇ 10 ಲಕ್ಷ ಪ್ರತಿ ದಾಟಿತು.

ಒಂದೇ ವಿನಂತಿ. ಯಾವ ಆಟದ ಕೊನೆಯನ್ನೂ ಹೇಳಬೇಡಿ, ಇಲ್ಲಿ ಕೆಲವರು ಇನ್ನೂ ಅರ್ಧದಲ್ಲಿದ್ದಾರೆ. ಬರುವವರು ಶುಕ್ರವಾರದೊಳಗೆ ಇಲ್ಲೇ ತಿಳಿಸಿ.