ವೇಷ ನೋಡಿ ಮಾರ್ಕ್ಸ್ ಕೊಟ್ರೆ ಹೇಗೆ?

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣಿಯಲ್ಲಿ ಫ್ಯಾಂಟಸಿ ಮತ್ತು ಸೈನ್ಸ್ ಫಿಕ್ಷನ್ ಕಥೆಗಳ ಕಾಲ್ಪನಿಕ ಸಂಸ್ಕೃತಿಗಳ ಬಗ್ಗೆ ಬಂದ ಲೇಖನ ಓದಿದೆ. ಕನ್ನಡ ಪೇಪರೊಂದು ಈ ವಿಷಯಕ್ಕೆ ಪೂರ್ತಿ ಪುಟ ಬಿಟ್ಟುಕೊಟ್ಟಿದ್ದೇ ದೊಡ್ಡದು, ಅದಕ್ಕೆ ಮೊದಲು ಥ್ಯಾಂಕ್ಸ್. ಆದ್ರೆ ಲೇಖಕರು ಮಾರ್ಕ್ಸ್ ಕೊಟ್ಟಿದ್ದೆಲ್ಲ ವೇಷಕ್ಕೆ ಮತ್ತು ಭಾಷೆಗೆ. ಯಾರ ಮೈ ನೀಲಿ, ಯಾರ ಹಣೆ ಮೇಲೆ ಏಣು, ಯಾರ ಕತ್ತಿ ಎಷ್ಟು ಸೊಟ್ಟ. ವೇಷ ನೋಡಿ ಮೆಚ್ಚೋಕೆ ನಮ್ಮ ಜಿಲ್ಲೆಯವರಿಗೆ ಯಕ್ಷಗಾನ ಇದೆ ಮಾರಾಯ್ರೆ! ‘ಸ್ಟಾರ್ ಟ್ರೆಕ್’ನಲ್ಲಿ ಬರೋ ಕ್ಲಿಂಗಾನ್ ಜನರ ಭಾಷೆಗೆ ಮಾರ್ಕ್ ಓಕ್ರಂಡ್ ಅನ್ನೋ ಭಾಷಾಶಾಸ್ತ್ರಜ್ಞರು 1985ರಲ್ಲಿ ಡಿಕ್ಷನರಿನೇ ತಂದ್ರು, ಅದು ಸಾಧನೆನೇ, ಇಲ್ಲ ಅನ್ನಲ್ಲ, ಆದ್ರೆ ಒಂದು ಇಡೀ ಜನಾಂಗದಲ್ಲಿ ಕಂಡವರೆಲ್ಲ ಯುದ್ಧವೀರರೇ ಆದ್ರೆ ಅಲ್ಲಿ ಚಪ್ಪಲಿ ಹೊಲಿಯೋರು ಯಾರು, ಅಡುಗೆ ಮಾಡೋರು ಯಾರು?

ನನ್ನ ಲೆಕ್ಕದಲ್ಲಿ ಒಳ್ಳೆ ಕಾಲ್ಪನಿಕ ಸಂಸ್ಕೃತಿ ಅಂದ್ರೆ ಅಲ್ಲಿನ ನೆಲ ನೀರು ಹವೆಯಿಂದಲೇ ಅವರ ರೀತಿ ರಿವಾಜು ಹುಟ್ಟಿರಬೇಕು, ಮತ್ತೆ ಆ ರಿವಾಜಿನ ಬಗ್ಗೆ ಅವರವರಲ್ಲೇ ಜಗಳ ಇರಬೇಕು.

ಫ್ರಾಂಕ್ ಹರ್ಬರ್ಟ್ 1965ರಲ್ಲಿ ತಂದ ‘ಡ್ಯೂನ್’ ಕಾದಂಬರಿ ತಗೊಳ್ಳಿ. ಲೇಖನದಲ್ಲಿ ಅದರ ದೈತ್ಯ ಹುಳಕ್ಕೆ ಅರ್ಧ ಕಾಲಂ, ಅಲ್ಲಿ ಬದುಕೋ ಫ್ರೆಮೆನ್ ಜನಕ್ಕೆ ಎರಡು ಸಾಲು. ಕಥೆ ನಡೆಯೋ ಅರಾಕಿಸ್ ಗ್ರಹದಲ್ಲಿ ಮಳೆನೇ ಇಲ್ಲ. ಫ್ರೆಮೆನ್ ನಾಯಕ ಸ್ಟಿಲ್ಗಾರ್, ಗ್ರಹ ಆಳೋಕೆ ಹೊಸದಾಗಿ ಬಂದ ಡ್ಯೂಕ್‌ನ ಎದುರು ನಿಂತು ಪಾಲಿಶ್ ಮಾಡಿದ ಟೇಬಲ್ ಮೇಲೆ ಉಗುಳ್ತಾನೆ. ಡ್ಯೂಕ್ ಕಡೆಯವರು ಸಿಟ್ಟಾಗಿ ಏಳ್ತಾರೆ, ಆಗ ಆ ಜನರ ಜೊತೆ ಇದ್ದು ಬಂದಿದ್ದ ಡಂಕನ್ ಐಡಹೊ ಎಲ್ಲರನ್ನೂ ತಡೆದು, ನಿನ್ನ ಮೈಯ ನೀರು ಕೊಟ್ಟಿದ್ದಕ್ಕೆ ಉಪಕಾರ ಆಯ್ತು ಅಂತ ಹೇಳಿ ತಾನೂ ಅಲ್ಲೇ ಉಗುಳ್ತಾನೆ. ಅಲ್ಲಿ ಉಗುಳೋದು ಮರ್ಯಾದೆ! ಮುಂದೆ ಡ್ಯೂಕ್‌ನ ಮಗ ಪಾಲ್ ದ್ವಂದ್ವಯುದ್ಧದಲ್ಲಿ ಜಾಮಿಸ್ ಅನ್ನೋನನ್ನ ಕೊಂದಾಗ ಸತ್ತವನ ದೇಹದಿಂದ ತೆಗೆದ ನೀರನ್ನ ಅಳೀತಾರೆ, 33 ಲೀಟರ್ ಚಿಲ್ಲರೆ, ಅದರ ಲೆಕ್ಕಕ್ಕೆ ಲೋಹದ ಉಂಗುರಗಳು ಪಾಲ್ ಕೈಗೆ ಬರ್ತವೆ. ಅವನ ಕಣ್ಣಲ್ಲಿ ನೀರು ಬಂದಿದ್ದು ಕಂಡು ಸುತ್ತ ಇದ್ದವರು ಬೆರಗಾಗಿ ಅವನ ಕೆನ್ನೆ ಮುಟ್ಟಿ ನೋಡ್ತಾರೆ, ಸತ್ತವನಿಗೆ ನೀರು ಕೊಡ್ತಿದ್ದಾನಲ್ಲ ಅಂತ. ಕುಮಟೆಯ ಜುಲೈ ಮಳೆಯಲ್ಲಿ, ಗೋಡೆಗೆಲ್ಲ ಪಾಚಿ ಹತ್ತಿದ ಮನೆಯಲ್ಲಿ ಕೂತು ಇದನ್ನ ಓದಿದ್ರೂ ಗಂಟಲು ಒಣಗುತ್ತೆ. ಇದೆಲ್ಲ ಹರ್ಬರ್ಟ್‌ಗೆ ಸುಮ್ಮನೆ ಹೊಳೆದಿದ್ದಲ್ಲ, 1957ರಲ್ಲಿ ಅಮೆರಿಕದ ಓರೆಗಾನ್ ಕರಾವಳಿಯಲ್ಲಿ ಓಡೋ ಮರಳಿನ ದಿಬ್ಬಗಳನ್ನ ಹುಲ್ಲು ನೆಟ್ಟು ನಿಲ್ಲಿಸೋ ಸರ್ಕಾರಿ ಕೆಲಸ ನೋಡೋಕೆ ಹೋಗಿದ್ರು, ಅಲ್ಲಿಂದ ಶುರುವಾಯ್ತು. ಕಾರವಾರದ ದಂಡೆಯಲ್ಲಿ ಮರಳು ಹಿಡಿಯೋಕೆ ಅಂತ ಬೆಳೆಸಿದ ಗಾಳಿ ಮರಗಳ ಕೆಳಗೆ ದಿನಾ ವಾಕಿಂಗ್ ಹೋಗೋ ನಮಗೆ ಮಾತ್ರ ಏನೂ ಹೊಳೆದಿಲ್ಲ ನೋಡಿ.

ಇನ್ನು ಅಮೆರಿಕದ ಲೇಖಕಿ ಅರ್ಸುಲಾ ಲೆ ಗ್ವಿನ್ ಹೆಸರೇ ಲೇಖನದಲ್ಲಿ ಇಲ್ಲ. ಅದು ನನಗೆ ನಿಜಕ್ಕೂ ಬೇಜಾರಾಯ್ತು. ಅವರ ಅಪ್ಪ ಆಲ್ಫ್ರೆಡ್ ಕ್ರೋಬರ್ ದೊಡ್ಡ ಮಾನವಶಾಸ್ತ್ರಜ್ಞ, ಮಗಳ ಬರವಣಿಗೆಯಲ್ಲಿ ಅದು ಗೊತ್ತಾಗುತ್ತೆ. 1969ರ ‘ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್’ನಲ್ಲಿ ಬರೋ ಗೆಥೆನ್ ಗ್ರಹದ ಜನ ತಿಂಗಳಲ್ಲಿ ಕೆಲವೇ ದಿನ ಗಂಡೋ ಹೆಣ್ಣೋ ಆಗ್ತಾರೆ, ಯಾವುದು ಅಂತ ಮೊದಲೇ ಗೊತ್ತಿರಲ್ಲ, ಉಳಿದ ದಿನ ಎರಡೂ ಅಲ್ಲ. ಹಾಗಾಗಿ ಒಬ್ಬರೇ ಎರಡು ಮಕ್ಕಳಿಗೆ ತಾಯಿ, ಇನ್ನೆರಡಕ್ಕೆ ತಂದೆ ಆಗಿರಬಹುದು, ರಾಜನೇ ಬಸುರಿ ಆಗ್ತಾನೆ, ಯಾರೂ ಹುಬ್ಬೇರಿಸಲ್ಲ. ಭೂಮಿಯಿಂದ ಹೋದ ರಾಯಭಾರಿ ವರ್ಷಪೂರ್ತಿ ಗಂಡಸಾಗೇ ಇರೋದು ಅವರಿಗೆ ವಿಕಾರ. ಅವರ ಕ್ಯಾಲೆಂಡರ್‌ನಲ್ಲಿ ನಡೀತಿರೋ ವರ್ಷ ಯಾವತ್ತೂ 1, ಹಳೇದನ್ನೆಲ್ಲ ಅಲ್ಲಿಂದ ಹಿಂದಕ್ಕೆ ಎಣಿಸೋದು.

ಲೆ ಗ್ವಿನ್ ಅವರದೇ 1974ರ ‘ದಿ ಡಿಸ್‌ಪೊಸೆಸ್ಡ್’ ನನಗೆ ಇನ್ನೂ ಹತ್ತಿರ. ಅನಾರೆಸ್ ಅನ್ನೋ ಬರಡು ಜಾಗದಲ್ಲಿ ಸರ್ಕಾರ ಇಲ್ಲ, ಪೊಲೀಸ್ ಇಲ್ಲ, ಸ್ವಂತ ಆಸ್ತಿ ಇಲ್ಲ, ಹುಟ್ಟಿದ ಮಗುವಿಗೆ ಹೆಸರು ಕೊಡೋದು ಕಂಪ್ಯೂಟರ್. ಕೇಳೋಕೆ ಸ್ವರ್ಗ. ಆದ್ರೆ ಕಾನೂನು ಇಲ್ಲದ ಕಡೆ ‘ನಾಕು ಜನ ಏನಂತಾರೆ’ ಅನ್ನೋದೇ ಕಾನೂನಾಗಿ ಕೂತುಬಿಟ್ಟಿದೆ, ಶೆವೆಕ್ ಅನ್ನೋ ವಿಜ್ಞಾನಿ ತನ್ನದೇ ಜನರ ಈ ಗೋಡೆಗೆ ತಲೆ ಚಚ್ಚಿಕೊಳ್ತಾನೆ. ಊರಲ್ಲಿ ಬೆಳೆದ ಯಾರಿಗೂ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

‘ಲಾರ್ಡ್ ಆಫ್ ದಿ ರಿಂಗ್ಸ್’ ಬರೆದ ಟೋಲ್ಕಿನ್‌ರ ಹಾಬಿಟ್ ಅನ್ನೋ ಕುಳ್ಳ ಜನರ ಬಗ್ಗೆ ಬರೆದಿದ್ದು ಚೆನ್ನಾಗಿತ್ತು, ಆದ್ರೆ ಬರೀ ಊಟದ ಸುದ್ದಿ. ಹುಟ್ಟಿದಹಬ್ಬ ಯಾರದೋ ಅವರೇ ಬೇರೆಯವರಿಗೆ ಗಿಫ್ಟ್ ಕೊಡ್ತಾರೆ, ಬೇಡದ ಗಿಫ್ಟು ನಮ್ಮ ಅರಿಶಿನ ಕುಂಕುಮದ ರವಿಕೆ ಕಣದ ಹಾಗೆ ಮನೆಯಿಂದ ಮನೆಗೆ ಸುತ್ತುತ್ತಾ ಇರುತ್ತೆ, ಅದನ್ನೇ ಬಿಟ್ಟಿದ್ದಾರೆ!

ಇನ್ನೊಂದು ತಕರಾರು. ಇಂಥ ಎಷ್ಟೋ ಕಥೆಗಳಲ್ಲಿ ಗ್ರಹಕ್ಕೊಂದೇ ಸಂಸ್ಕೃತಿ, ಒಂದೇ ದೇವರು, ಒಂದೇ ಡ್ರೆಸ್. ನಮ್ಮ ಒಂದು ಜಿಲ್ಲೆಯಲ್ಲೇ ಕಾರವಾರದಲ್ಲಿ ಕೊಂಕಣಿ, ಭಟ್ಕಳದಲ್ಲಿ ನವಾಯತಿ, ಶಿರಸಿ ಕಡೆ ಹವಿಗನ್ನಡ, ಅಂಕೋಲೆ ಕುಮಟೆಯಲ್ಲಿ ಹಾಲಕ್ಕಿಗಳು, ಯಲ್ಲಾಪುರದ ಕಾಡಲ್ಲಿ ಸಿದ್ದಿಗಳು, ಮುಂಡಗೋಡಿನಲ್ಲಿ ಟಿಬೆಟಿಯನ್ನರು. ಹೊನ್ನಾವರದಿಂದ ಬಸ್ ಹತ್ತಿ ಘಟ್ಟ ಏರಿದ್ರೆ ಮಾತು, ಊಟ ಎರಡೂ ಬದಲಾಗುತ್ತೆ, ಅಷ್ಟು ದೊಡ್ಡ ಗ್ರಹಕ್ಕೆ ಏನು ಬಂದಿದೆ ರೋಗ?

ಲೇಖನದ ಕೊನೆಯಲ್ಲಿ ಕನ್ನಡದಲ್ಲಿ ಇಂಥ ಲೋಕ ಕಟ್ಟೋಕೆ ಸಾಮಗ್ರಿ ಇಲ್ಲ ಅಂದಿದ್ದಾರೆ. ಅಘನಾಶಿನಿ ಅಳಿವೆಯ ಗಜನಿಗೆ, ಅಂದ್ರೆ ಉಪ್ಪುನೀರಿನ ಗದ್ದೆಗೆ, ಬಂದು ನೋಡಲಿ. ಉಪ್ಪುನೀರು ನುಗ್ಗಿದ್ರೂ ತಡೆಯೋ ಕಗ್ಗ ಭತ್ತ, ಹೊಳೆಗೆ ಅಡ್ಡ ಮಣ್ಣಿನ ಕಟ್ಟೆ, ಭರತ ಇಳಿತ ನೋಡಿ ತೆಗೆದು ಹಾಕೋ ಬಾಗಿಲು, ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಮೀನು ಸಿಗಡಿ. ಹುಣ್ಣಿಮೆ ರಾತ್ರಿ ಕಟ್ಟೆ ಒಡೆದ್ರೆ ಯಾರು ಯಾರು ಬರಬೇಕು, ಬರದವನ ಜೊತೆ ಎಷ್ಟು ದಿನ ಮಾತಿಲ್ಲ, ಬಾಗಿಲ ಬಾಯಲ್ಲಿ ಸಿಕ್ಕ ಮೀನು ಯಾರ ಪಾಲು? ಇದನ್ನ ಯಾವುದಾದ್ರೂ ಗ್ರಹಕ್ಕೆ ಎತ್ತಿ ಇಟ್ಟು ಬರೆಯೋರು ಬೇಕು, ಅಷ್ಟೇ. ದೀಪಾವಳಿ ವಿಶೇಷಾಂಕಕ್ಕೆ ಕಥೆ ಕರೆಯುವಾಗ ಇಂಥವನ್ನೂ ಕಳಿಸಿ ಅಂತ ಒಂದು ಸಾಲು ಸೇರಿಸಿ. ಬಹುಮಾನ ಇಲ್ಲದಿದ್ರೂ ಅಡ್ಡಿಯಿಲ್ಲ, ನಾಕು ಪುಟ ತೆಗೆದಿಡಿ.

– ಒಬ್ಬ ಓದುಗ, ಕುಮಟಾ